ನಾಲ್ಕು ತಿಂಗಳು, ಎರಡು ಪ್ರತಿ, ಒಂದು ಕನ್ನಡಕ: ‘ದಿ ನೇಮ್ ಆಫ್ ದಿ ರೋಸ್’ ಓದಿ ಮುಗಿಸಿದ ಕಥೆ

ಇಟಲಿಯ ಲೇಖಕ ಉಂಬೆರ್ತೊ ಎಕೊ ಅವರ ‘ದಿ ನೇಮ್ ಆಫ್ ದಿ ರೋಸ್’ ಕಾದಂಬರಿಯನ್ನು ಕಳೆದ ಭಾನುವಾರ ರಾತ್ರಿ ಹನ್ನೊಂದೂವರೆಗೆ ಓದಿ ಮುಗಿಸಿದೆ. ಜೂನ್ ಮೊದಲ ವಾರ, ಮಳೆ ಹಿಡಿಯುವ ಹೊತ್ತಿಗೆ ಕೈಗೆತ್ತಿಕೊಂಡ ಪುಸ್ತಕವದು. ಮುಗಿಯುವಷ್ಟರಲ್ಲಿ ಮೈಸೂರಿನ ಬೀದಿಗಳಲ್ಲಿ ದಸರಾ ಆನೆಗಳ ತಾಲೀಮು ಶುರುವಾಗಿತ್ತು. ಈ ನಡುವೆ ಅದರ ಎರಡು ಪ್ರತಿ ಕೊಂಡೆ, ಒಂದು ಕನ್ನಡಕ ಬದಲಾಯಿಸಿದೆ, ಎರಡು ಸಲ ಓದುವುದನ್ನೇ ಕೈಬಿಟ್ಟೆ, ಒಂದು ರಾತ್ರಿ ಪುಸ್ತಕದ ಮೇಲಿನ ಸಿಟ್ಟಿಗೆ ನಿದ್ದೆಗೆಟ್ಟೆ. ಇದು ಜಗತ್ತಿನಾದ್ಯಂತ ಕೋಟಿಗಟ್ಟಲೆ ಪ್ರತಿ ಮಾರಾಟವಾದ ಪತ್ತೇದಾರಿ ಕಾದಂಬರಿ ಎಂಬುದನ್ನು ನೆನಪಿಸಿಕೊಂಡರೆ ಈಗಲೂ ಆಶ್ಚರ್ಯವಾಗುತ್ತದೆ. ಇದನ್ನು ಓದಬೇಕೆಂದಿರುವವರಿಗೆ ನಾನು ಎಡವಿದ ಕಲ್ಲುಗಳಾದರೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಕೊಲೆಗಾರ ಯಾರೆಂದು ಎಲ್ಲಿಯೂ ಹೇಳುವುದಿಲ್ಲ. ನನಗೆ ಮಾತ್ರ ಅದು 18ನೇ ಪುಟದಲ್ಲಿಯೇ ಗೊತ್ತಾಗಿಹೋಯಿತು.

ನಾವು ಐದು ಮಂದಿ ತಿಂಗಳಿಗೊಮ್ಮೆ ಸರಸ್ವತಿಪುರಂನ ಸ್ನೇಹಿತರೊಬ್ಬರ ಮನೆಯಲ್ಲಿ ಸೇರಿ, ಎಲ್ಲರೂ ಓದಿಕೊಂಡು ಬಂದ ಒಂದೇ ಪುಸ್ತಕದ ಬಗ್ಗೆ ಮಾತನಾಡುತ್ತೇವೆ. ಜೂನ್ ತಿಂಗಳ ಆಯ್ಕೆ ನನ್ನದಾಗಿತ್ತು. ಚಿಕ್ಕಂದಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ದಿನಕ್ಕೆ ಹತ್ತು ಪೈಸೆ ಬಾಡಿಗೆಗೆ ತಂದು, ಮರುದಿನದ ಬಾಡಿಗೆ ಉಳಿಸಲೆಂದು ಒಂದೇ ರಾತ್ರಿಯಲ್ಲಿ ಓದಿ ಮುಗಿಸುತ್ತಿದ್ದವನು ನಾನು. ಆ ಅಭ್ಯಾಸದ ಬಲದ ಮೇಲೆ, ‘ಮಳೆಗಾಲಕ್ಕೆ ಒಂದು ಪತ್ತೇದಾರಿ ಇರಲಿ, ಎಲ್ಲರೂ ಬೇಗ ಮುಗಿಸಬಹುದು’ ಎಂದು ಈ ಕಾದಂಬರಿಯ ಹೆಸರು ಹೇಳಿದೆ. ಆ ಮಾತನ್ನು ಗೆಳೆಯರು ಇನ್ನೂ ನನಗೆ ಮರೆಯಲು ಬಿಟ್ಟಿಲ್ಲ.

ಮೂಲ ಇಟಾಲಿಯನ್ ಕಾದಂಬರಿ ಪ್ರಕಟವಾದದ್ದು 1980ರಲ್ಲಿ. ನಾನು ಓದಿದ್ದು ವಿಲಿಯಂ ವೀವರ್ ಅವರ ಇಂಗ್ಲಿಷ್ ಅನುವಾದ, ಅದು 1983ರದು. ಹೊಸ ಪ್ರತಿಯ ಬೆಲೆ ಕೇಳಿ ಹಿಂಜರಿದು, ಹಳೆಯ ಪುಸ್ತಕ ಮಾರುವ ಅಂಗಡಿಯೊಂದರಲ್ಲಿ 220 ರೂಪಾಯಿಗೆ ಒಂದು ಪ್ರತಿ ಕೊಂಡೆ. ಅಂಗಡಿಯಲ್ಲಿಯೇ ನಿಂತು ಪುಟಗಳನ್ನು ಎಣಿಸಿ ನೋಡಬೇಕಾಗಿತ್ತು. ಮುಖಪುಟ ಚೆನ್ನಾಗಿದೆ ಎಂದಷ್ಟೇ ನೋಡಿ ತಂದೆ. ಮನೆಗೆ ಬಂದು 18ನೇ ಪುಟಕ್ಕೆ ತಲುಪಿದಾಗ, ಅಂಚಿನಲ್ಲಿ ನೀಲಿ ಬಾಲ್‌ಪೆನ್ನಿನಿಂದ ಯಾರೋ ಪುಣ್ಯಾತ್ಮರು ಒಂದು ಹೆಸರನ್ನು ಬರೆದು, ಅಡಿಗೆರೆ ಎಳೆದು, ‘ಇವನೇ’ ಎಂದು ಕನ್ನಡದಲ್ಲಿ ಷರಾ ಹಾಕಿದ್ದರು. ಬಾಡಿಗೆ ಪುಸ್ತಕಗಳ ಕಾಲದಲ್ಲಿಯೂ ಈ ಜಾತಿಯ ಓದುಗರಿದ್ದರು. ಹಳೆಯ ಪ್ರತಿ ಕೊಳ್ಳುವವರು ಅಂಚುಗಳನ್ನು ತಾವೇ ನೋಡದೆ, ಪತ್ತೇದಾರಿಯ ಗೊಡವೆ ಇಲ್ಲದ ಇನ್ನೊಬ್ಬರಿಂದ ನೋಡಿಸಿ ಕೊಳ್ಳುವುದು ಒಳ್ಳೆಯದು.

ಮುನ್ನುಡಿಯಲ್ಲಿಯೇ ನಾನು ಮೊದಲ ಸಲ ಮುಗ್ಗರಿಸಿದೆ. 1968ರಲ್ಲಿ, ಸೋವಿಯತ್ ಸೇನೆ ಪ್ರಾಗ್ ನಗರಕ್ಕೆ ನುಗ್ಗುವ ಕೆಲವೇ ದಿನಗಳ ಮುಂಚೆ, ವಾಲೆ ಎಂಬ ಪಾದ್ರಿಯೊಬ್ಬರ ಹಳೆಯ ಫ್ರೆಂಚ್ ಪುಸ್ತಕ ತನ್ನ ಕೈಗೆ ಸಿಕ್ಕಿತೆಂದೂ, ಅದರಲ್ಲಿ ಹದಿನಾಲ್ಕನೆಯ ಶತಮಾನದ ಆಡ್ಸೊ ಎಂಬ ಸನ್ಯಾಸಿಯ ಆತ್ಮವೃತ್ತಾಂತವಿತ್ತೆಂದೂ, ಆಮೇಲೆ ಆ ಪುಸ್ತಕ ಕೈತಪ್ಪಿ ಹೋಯಿತೆಂದೂ ನಿರೂಪಕ ಬಹಳ ಗಂಭೀರವಾಗಿ ಹೇಳುತ್ತಾನೆ. ಊರು, ದಿನಾಂಕ, ಗ್ರಂಥಾಲಯದ ಹೆಸರು ಎಲ್ಲವೂ ಇವೆ. ಅಕೌಂಟ್ಸ್ ವಿಭಾಗದಲ್ಲಿ ಮೂವತ್ತು ವರ್ಷ ಓಚರು ಪರಿಶೀಲಿಸಿದ ನನಗೆ ದಾಖಲೆ ಎಂದರೆ ತಕ್ಷಣ ತಾಳೆ ನೋಡುವ ಚಟ. ಒಂದು ಇಡೀ ಸಂಜೆ ಆ ಪುಸ್ತಕವನ್ನು ಅಂತರ್ಜಾಲದಲ್ಲಿ ಹುಡುಕಿದೆ. ಅದು ಕಟ್ಟುಕಥೆ. ಕಾದಂಬರಿಗೆ ಹಳೆಯ ಹಸ್ತಪ್ರತಿಯ ವೇಷ ಹಾಕುವುದು ಯುರೋಪಿನ ಹಳೆಯ ಆಟ, ಎಕೊ ಅದನ್ನೇ ಇಲ್ಲಿ ಮತ್ತೊಮ್ಮೆ ಆಡಿದ್ದಾರೆ. ನಿಮ್ಮ ಸಂಜೆಯನ್ನು ಉಳಿಸಿಕೊಳ್ಳಿ.

ಮುನ್ನುಡಿ ಮುಗಿದ ಮೇಲೆ ಕಥೆ ಬಹಳ ಚೆನ್ನಾಗಿ ಹೊರಡುತ್ತದೆ. ಕಾಲ 1327ರ ನವೆಂಬರ್ ಕೊನೆ, ಸ್ಥಳ ಉತ್ತರ ಇಟಲಿಯ ಬೆಟ್ಟದ ಮೇಲಿನ ಒಂದು ಬೆನೆಡಿಕ್ಟೈನ್ ಮಠ. ಬಾಸ್ಕರ್‌ವಿಲ್‌ನ ವಿಲಿಯಂ ಎಂಬ ಇಂಗ್ಲಿಷ್ ಸನ್ಯಾಸಿ ತನ್ನ ಎಳೆಯ ಶಿಷ್ಯ ಆಡ್ಸೊನೊಂದಿಗೆ ಬೆಟ್ಟ ಹತ್ತುತ್ತಿರುವಾಗ ಮಠದ ಆಳುಗಳು ಏನನ್ನೋ ಹುಡುಕುತ್ತ ಎದುರಾಗುತ್ತಾರೆ. ಅವರು ಬಾಯಿ ಬಿಡುವ ಮೊದಲೇ ವಿಲಿಯಂ, ಮಠಾಧಿಪತಿಯ ಕುದುರೆ ಯಾವ ದಾರಿ ಹಿಡಿದಿದೆ, ಅದರ ಎತ್ತರವೆಷ್ಟು, ಕೊನೆಗೆ ಅದರ ಹೆಸರೇನು ಎಂಬುದನ್ನೂ ಹೇಳಿಬಿಡುತ್ತಾನೆ. ಹಿಮದ ಮೇಲಿನ ಗೊರಸಿನ ಗುರುತು, ಮುರಿದ ಕೊಂಬೆ, ಮುಳ್ಳಿಗೆ ಸಿಕ್ಕಿದ ಕೂದಲು ಅವನಿಗೆ ಅಷ್ಟನ್ನೂ ಹೇಳಿರುತ್ತವೆ. ಬಾಸ್ಕರ್‌ವಿಲ್ ಎಂಬ ಹೆಸರು ಷರ್ಲಾಕ್ ಹೋಮ್ಸ್‌ನ ಕಡೆ ಕೈ ತೋರಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ನಾನು ಕಾಲು ಚಾಚಿ ಕೂತು, ಕಾಫಿ ತರಿಸಿಕೊಂಡು, ಇನ್ನು ಎರಡು ವಾರದ ಕೆಲಸ ಎಂದುಕೊಂಡೆ.

ಆಮೇಲಿನ ನೂರು ಪುಟಗಳಿಗೆ ಐದು ವಾರ ಹಿಡಿಯಿತು. ಮಠದಲ್ಲಿ ಒಬ್ಬ ಸನ್ಯಾಸಿ ಸತ್ತಿದ್ದಾನೆ, ವಿಚಾರಿಸುವ ಕೆಲಸ ವಿಲಿಯಂನ ಪಾಲಿಗೆ ಬಂದಿದೆ, ನಿಜ. ಆದರೆ ವಿಚಾರಣೆಗಿಂತ ದೊಡ್ಡದಾಗಿ ಪುಟ ತುಂಬುವುದು ಒಂದು ಧರ್ಮಜಿಜ್ಞಾಸೆ. ಕ್ರಿಸ್ತನಿಗೂ ಅವನ ಶಿಷ್ಯರಿಗೂ ಸ್ವಂತ ಆಸ್ತಿ ಎಂಬುದು ಇತ್ತೇ ಇಲ್ಲವೇ ಎಂಬ ಪ್ರಶ್ನೆ ಮೊದಲಿಗೆ ನನಗೆ ತಮಾಷೆಯಾಗಿ ಕಂಡಿತು. ಇರಲಿಲ್ಲ ಎಂದವರು ಫ್ರಾನ್ಸಿಸ್ಕನ್ ಸನ್ಯಾಸಿಗಳು. ಹಾಗೆನ್ನುವುದು ಧರ್ಮದ್ರೋಹವೆಂದು 1323ರಲ್ಲಿ ಸಾರಿದವರು ಪೋಪ್ 22ನೇ ಜಾನ್. ಆ ಕಾಲದ ಪೋಪರು ಇದ್ದದ್ದು ರೋಮಿನಲ್ಲಲ್ಲ, ಫ್ರಾನ್ಸಿನ ಅವಿನ್ಯೋನ್‌ನಲ್ಲಿ. ಅವರ ವಿರುದ್ಧ ಬವೇರಿಯಾದ ಲೂಯಿ ಎಂಬ ಚಕ್ರವರ್ತಿ, ಅವನ ಆಸರೆ ಬಯಸುವ ಸನ್ಯಾಸಿಗಳು, ಇವರೆಲ್ಲರ ಹಿನ್ನೆಲೆಯಲ್ಲಿ 1307ರಲ್ಲಿ ಸುಟ್ಟು ಕೊಲ್ಲಲ್ಪಟ್ಟ ದೊಲ್ಚಿನೊ ಎಂಬ ಬಂಡಾಯಗಾರನ ನೆನಪು. ಯೇಸುವಿನ ಬಳಿ ಹಣದ ಚೀಲವಿತ್ತೇ ಎಂಬ ಪ್ರಶ್ನೆಯ ಅಡಿಯಲ್ಲಿ, ಚರ್ಚಿನ ಬಳಿ ಇಷ್ಟೊಂದು ಹಣ ಇರಬಹುದೇ ಎಂಬ ಪ್ರಶ್ನೆ ಕುದಿಯುತ್ತಿದೆ ಎಂದು ಹೊಳೆದದ್ದು ಮೂರನೆಯ ವಾರದಲ್ಲಿ. ಅದು ಹೊಳೆದ ಮೇಲೆ ಆ ಪುಟಗಳು ಓಡದಿದ್ದರೂ ನಡೆಯತೊಡಗಿದವು. ಓದುವ ಮುಂಚೆಯೇ ಈ ನಾಲ್ಕು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದಲ್ಲಿ ಇಟ್ಟುಕೊಂಡರೆ ನನ್ನ ಎರಡು ವಾರ ನಿಮಗೆ ಉಳಿಯುತ್ತದೆ.

ಕಾಲದ ಲೆಕ್ಕವೂ ಬೇರೆಯದು. ಕಥೆ ಏಳು ದಿನಗಳಲ್ಲಿ ನಡೆಯುತ್ತದೆ, ಪ್ರತಿ ದಿನವೂ ಮಠದ ಪ್ರಾರ್ಥನೆಯ ಹೊತ್ತುಗಳಾಗಿ ಒಡೆದಿದೆ. ನಮ್ಮಲ್ಲಿ ಜಾವಗಳಿದ್ದ ಹಾಗೆ ಅವರಿಗೆ ಮ್ಯಾಟಿನ್ಸ್, ಲಾಡ್ಸ್, ಪ್ರೈಮ್ ಮುಂತಾದವು. ಮ್ಯಾಟಿನ್ಸ್ ಎಂದರೆ ಬೆಳಗಿನ ಜಾವ ಎರಡೂವರೆಯಿಂದ ಮೂರರ ಹೊತ್ತು. ಪುಸ್ತಕದ ಮೊದಲಲ್ಲೇ ಈ ಪಟ್ಟಿ ಇದೆ. ನಾನು ಅದನ್ನು ಹಾರಿಸಿ ಮುಂದೆ ಹೋಗಿ, ನಡುರಾತ್ರಿ ಸನ್ಯಾಸಿಗಳೆಲ್ಲ ಏಕೆ ಎದ್ದು ತಿರುಗುತ್ತಿದ್ದಾರೆಂದು ಅವರೆಲ್ಲರ ಮೇಲೂ ಅನುಮಾನಪಟ್ಟೆ.

ಲ್ಯಾಟಿನ್ ಇನ್ನೊಂದು ತೊಡಕು. ವಾಕ್ಯಗಟ್ಟಲೆ ಲ್ಯಾಟಿನ್ ಅರ್ಥವಿಲ್ಲದೆ ಬಂದು ಬೀಳುತ್ತದೆ. ಅವನ್ನೆಲ್ಲ ಬಿಡಿಸಿ ಹೇಳುವ ಒಂದು ಕೈಪಿಡಿಯೇ 1987ರಲ್ಲಿ ಇಂಗ್ಲಿಷಿನಲ್ಲಿ ಬಂದಿದೆಯಾದರೂ ಅದಕ್ಕೆ ಎರಡು ಸಾವಿರಕ್ಕೂ ಮೇಲೆ ಬೆಲೆ ತೋರಿಸುತ್ತಿತ್ತು, ಕೊಳ್ಳಲಿಲ್ಲ. ಪಕ್ಕದ ಮನೆಯ ನಿವೃತ್ತ ಸಂಸ್ಕೃತ ಮೇಷ್ಟ್ರ ಬಳಿ ಗೋಳು ಹೇಳಿಕೊಂಡಾಗ ಅವರು ನಕ್ಕರು. “ಅಲ್ಲಯ್ಯ, ಹರಿಕಥೆಯಲ್ಲಿ ದಾಸರು ಶ್ಲೋಕ ಹೇಳಿದಾಗಲೆಲ್ಲ ಅರ್ಥವಾಗಲಿಲ್ಲ ಅಂತ ಎದ್ದು ಹೋಗ್ತಿದ್ದೆಯಾ? ದನಿ ಕೇಳಿಕೊಂಡು ಕೂತಿರ್ತಿದ್ದೆ ತಾನೇ? ಇದಕ್ಕೂ ಹಾಗೇ ಕೂತ್ಕೋ” ಎಂದರು. ಈ ನಾಲ್ಕು ತಿಂಗಳಲ್ಲಿ ನನಗೆ ಸಿಕ್ಕಿದ ಅತ್ಯಂತ ಉಪಯುಕ್ತ ಸಲಹೆ ಅದು, ಅದೂ ಆ ಪುಸ್ತಕವನ್ನು ಕಣ್ಣಿನಿಂದಲೂ ನೋಡದವರಿಂದ.

ಅಷ್ಟರಲ್ಲಿ ಜುಲೈ ಕಳೆದಿತ್ತು. ಗುಂಪಿನ ಐವರಲ್ಲಿ ಇಬ್ಬರು ಚರ್ಚಿನ ಬಾಗಿಲಿನ ಕೆತ್ತನೆಯ ವರ್ಣನೆ ಬರುವ ಕಡೆಯೇ ನಿಂತುಬಿಟ್ಟಿದ್ದರು. ಇನ್ನೊಬ್ಬರು 1986ರ ಸಿನಿಮಾ ನೋಡಿ, ಪುಸ್ತಕ ಓದಿದ್ದೇನೆಂದು ಸಾಧಿಸುತ್ತಿದ್ದರು. ಉಳಿದವರು ನಾನು ಮತ್ತು ನಿವೃತ್ತ ಪ್ರಾಧ್ಯಾಪಕಿಯೊಬ್ಬರು. ನಾನೂ ಜುಲೈ ಕೊನೆಯ ವಾರ ಪುಸ್ತಕವನ್ನು ಕಪಾಟಿಗೆ ಸೇರಿಸಿದ್ದೆ, ಕಾರಣ ಕಣ್ಣು. ಸಣ್ಣ ಅಕ್ಷರ, ಹಳದಿ ಕಾಗದ. ರಾತ್ರಿ ಹತ್ತು ಪುಟ ಓದಿದರೆ ಹಣೆ ಸಿಡಿಯುತ್ತಿತ್ತು. ಪರೀಕ್ಷೆ ಮಾಡಿಸಿದರೆ ನಂಬರು ಬದಲಾಗಿತ್ತು. ಹೊಸ ಕನ್ನಡಕಕ್ಕೆ 3,400 ರೂಪಾಯಿ, ಬರಲು ಆರು ದಿನ. ಮತ್ತೆ ಪುಸ್ತಕ ತೆರೆದರೆ ಅಲ್ಲಿ ವಿಲಿಯಂನ ಕನ್ನಡಕವೇ ಕಳುವಾಗಿತ್ತು. ಆ ಕಾಲಕ್ಕೆ ಕನ್ನಡಕ ಹೊಸ ವಸ್ತು, ಮಠದವರಿಗೆ ಅಚ್ಚರಿ. ಕೈಗೆ ಸಿಕ್ಕಿದ ಮುಖ್ಯ ಕಾಗದವನ್ನು ಓದಲಾಗದೆ ಅವನು ಮಠದ ಗಾಜಿನ ಕೆಲಸದವನ ಬೆನ್ನು ಹತ್ತಿ, ಹೊಸ ಮಸೂರಕ್ಕಾಗಿ ಕಾಯುತ್ತಾನೆ. ಅವನ ಅಸಹಾಯಕತೆಯನ್ನು ನನ್ನಷ್ಟು ಮನಸಾರೆ ಅನುಭವಿಸಿದ ಓದುಗರು ಕಡಿಮೆ ಇರಬೇಕು.

ಹಳೆಯ ಪ್ರತಿಯ ನಿಜವಾದ ಗುಣ ಬಯಲಾದದ್ದು ಕಥೆಯ ಎರಡನೆಯ ದಿನದ ನಡುವೆ. ಸಂಭಾಷಣೆಯೊಂದು ಅರ್ಧಕ್ಕೆ ನಿಂತು, ಪುಟ ತಿರುಗಿಸಿದರೆ ಮೊದಲೇ ಓದಿದ್ದ ದೃಶ್ಯ ಮತ್ತೆ ಬಂತು. ಇದು ಮಹಾ ಚಕ್ರವ್ಯೂಹದಂಥ ಕಾದಂಬರಿ ಎಂದು ಎಲ್ಲರೂ ಹೇಳಿದ್ದರಲ್ಲ, ಇದೂ ಎಕೊ ಅವರದೇ ಚಮತ್ಕಾರವಿರಬೇಕೆಂದು ಮೂರು ಪುಟ ಭಕ್ತಿಯಿಂದ ಓದಿದೆ. ಆಮೇಲೆ ಪುಟಸಂಖ್ಯೆ ನೋಡಿದರೆ, ಬೈಂಡಿಂಗ್ ಮಾಡುವಾಗ ಒಂದು ಫಾರಂ (ಒಟ್ಟಿಗೆ ಮಡಚಿ ಹೊಲಿಯುವ ಪುಟಗಳ ಕಟ್ಟು) ಎರಡು ಸಲ ಸೇರಿ, ಅದರ ಮುಂದಿನದು ಬಿಟ್ಟೇಹೋಗಿತ್ತು: 32 ಪುಟ ಇಲ್ಲ. ಹೊಸ ಪ್ರತಿಯನ್ನು ಆನ್‌ಲೈನ್‌ನಲ್ಲಿ 640 ರೂಪಾಯಿಗೆ ತರಿಸಿದೆ. ಮೊದಲು ಬಂದದ್ದು ಬೇರೆ ಯಾವುದೋ ಪುಸ್ತಕ, ಹಿಂದಿರುಗಿಸಿ ಸರಿಯಾದುದು ಕೈಸೇರಲು ಒಟ್ಟು ಹದಿಮೂರು ದಿನ. ಹಂದಿಯ ರಕ್ತ ತುಂಬಿದ ಹರವಿಯಲ್ಲಿ ತಲೆಕೆಳಗಾಗಿ ಸಿಕ್ಕಿದ ಹೆಣವನ್ನು ಹದಿಮೂರು ದಿನ ಹಾಗೆಯೇ ಬಿಟ್ಟು ಕಾಯುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಕಥೆ ನನ್ನನ್ನು ಹಿಡಿದಿದೆ ಎಂದು ತಿಳಿದದ್ದೂ ಆಗಲೇ.

ಮೂರನೆಯ ದಿನದಿಂದ ಮುಂದೆ ನಾನು ಯಾವ ದೂರೂ ಹೇಳಲಾರೆ. ಮಠದ ಗ್ರಂಥಾಲಯ ಒಂದು ಚಕ್ರವ್ಯೂಹ: 56 ಕೋಣೆಗಳು, ಅವುಗಳಲ್ಲಿ ನಾಲ್ಕಕ್ಕೆ ಏಳು ಮೂಲೆಗಳು. ಗ್ರಂಥಪಾಲಕನ ಹೊರತು ಯಾರಿಗೂ ಒಳಗೆ ಹೋಗುವ ಅಪ್ಪಣೆಯಿಲ್ಲ; ಕೇಳಿದ ಪುಸ್ತಕವನ್ನು ಕೊಡಬೇಕೋ ಬೇಡವೋ ಎಂದು ಅವನೇ ತೀರ್ಮಾನಿಸುತ್ತಾನೆ. ಕೋಣೆಗಳ ಮೇಲೆ ಬರೆದ ವಾಕ್ಯಗಳ ಮೊದಲಕ್ಷರ ಜೋಡಿಸಿದರೆ ದೇಶಗಳ ಹೆಸರು ಬರುತ್ತದೆ, ಹಾಗಾಗಿ ಆ ಕಟ್ಟಡವೇ ಒಂದು ಭೂಪಟ. ಮಗಳ ಹಳೆಯ ಗ್ರಾಫ್ ಪುಸ್ತಕದ ಹಾಳೆಯೊಂದರಲ್ಲಿ ನಾನೂ ಆ ನಕ್ಷೆ ಬಿಡಿಸುತ್ತ ಕೂತ ಎರಡು ಸಂಜೆಗಳು, ಕಳೆದ ಹತ್ತು ವರ್ಷಗಳಲ್ಲಿ ಪುಸ್ತಕವೊಂದರ ಜೊತೆ ಕಳೆದ ಅತ್ಯಂತ ಸಂತೋಷದ ಸಂಜೆಗಳು. ಪುಸ್ತಕದಲ್ಲಿಯೂ ನಕ್ಷೆ ಇದೆ. ಮೊದಲು ನೋಡದೆ ನೀವೇ ಬಿಡಿಸಿ. ಅಂಚಿನಲ್ಲಿ ಕಂಡ ಆ ಹೆಸರೂ ಈ ಸಂತೋಷವನ್ನು ಕೆಡಿಸಲಿಲ್ಲ. ಆ ಹೆಸರಿನ ಸನ್ಯಾಸಿ ಬಾಯಿ ತೆರೆದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಅಷ್ಟೆ.

ಕೆಡಿಸಿದ್ದು ನಾಲ್ಕನೆಯ ದಿನ. ಮಠಕ್ಕೆ ಬರ್ನಾರ್ಡ್ ಗೀ ಬರುತ್ತಾನೆ. ಇತಿಹಾಸದಲ್ಲಿ ನಿಜವಾಗಿ ಇದ್ದ ಧರ್ಮವಿಚಾರಕ, ಅಂದರೆ ಧರ್ಮದ್ರೋಹಿಗಳನ್ನು ವಿಚಾರಣೆ ಮಾಡುವ ಚರ್ಚಿನ ಅಧಿಕಾರಿ ಅವನು. ಹಸಿವಿನಿಂದ, ಒಂದು ತುಂಡು ಮಾಂಸಕ್ಕಾಗಿ ಮಠದೊಳಗೆ ನುಸುಳುತ್ತಿದ್ದ ಹಳ್ಳಿಯ ಹುಡುಗಿಯೊಬ್ಬಳನ್ನು ಅವನ ಜನ ಹಿಡಿಯುತ್ತಾರೆ, ಅವಳು ಮಾಟಗಾತಿಯಾಗುತ್ತಾಳೆ, ಸುಡಲೆಂದು ಕರೆದೊಯ್ಯಲ್ಪಡುತ್ತಾಳೆ. ಆಡ್ಸೊ ಬದುಕಿನಲ್ಲಿ ಪ್ರೀತಿಸಿದ ಒಬ್ಬಳೇ ಹೆಣ್ಣು ಅವಳು. ಅವಳ ಭಾಷೆ ಅವನಿಗೆ ತಿಳಿಯದು, ಹೆಸರೂ ತಿಳಿಯದು. ಗೊರಸಿನ ಗುರುತು ನೋಡಿ ಕುದುರೆಯ ಹೆಸರು ಹೇಳಿದ ವಿಲಿಯಂ ಇಲ್ಲಿ ಕೈಚೆಲ್ಲಿ ನಿಲ್ಲುತ್ತಾನೆ. ಅವಳಿಗಾಗಿ ಯಾರೂ ಒಂದು ಮಾತು ಆಡುವುದಿಲ್ಲ, ಕಥೆ ಮುಂದಕ್ಕೆ ಹೋಗುತ್ತದೆ. ಅಂದು ರಾತ್ರಿ ನಾನು ಮಲಗಲಿಲ್ಲ.

ಪ್ರಾಧ್ಯಾಪಕಿಯವರಿಗೆ ಮರುದಿನ ಫೋನ್ ಮಾಡಿ ಸಿಟ್ಟನ್ನೆಲ್ಲ ಕಾರಿಕೊಂಡೆ. ಅವರು, “ಆ ಕಾಲ ಹಾಗೇ ಇತ್ತಲ್ಲ ಸರ್, ಕಾಪಾಡಿದ್ದರೆ ಸುಳ್ಳಾಗುತ್ತಿತ್ತು. ಸಿನಿಮಾದಲ್ಲಿ ಬದುಕಿಸಿದ್ದಾರೆ, ನೋಡಿ, ಎಷ್ಟು ಸಪ್ಪೆ ಅನ್ನಿಸುತ್ತದೆ” ಎಂದರು. ಅವರ ಮಾತು ಸರಿ. ಆದರೆ ನನ್ನ ತಕರಾರು ಅವಳು ಸತ್ತದ್ದಕ್ಕಲ್ಲ. ಕಾದಂಬರಿಯ ಕೊನೆಯ ಸಾಲು ಲ್ಯಾಟಿನ್ನಿನದು. ಹಿಂದಿದ್ದ ಗುಲಾಬಿ ಈಗ ಹೆಸರಾಗಿ ಮಾತ್ರ ಇದೆ, ನಮ್ಮ ಕೈಯಲ್ಲಿ ಉಳಿಯುವುದು ಬರಿಯ ಹೆಸರುಗಳು ಎಂದು ಅದರ ತಾತ್ಪರ್ಯ. ಹೋದದ್ದರ ಹೆಸರಾದರೂ ಉಳಿಯುತ್ತದೆ ಎಂದು ಐನೂರು ಪುಟದ ಕೊನೆಯಲ್ಲಿ ಹೇಳುವ ಪುಸ್ತಕ, ತನ್ನೊಳಗಿನ ಒಬ್ಬಳೇ ಹೆಣ್ಣಿಗೆ ಅದನ್ನೂ ಉಳಿಸಿಲ್ಲ. ಇದು ಎಕೊ ಅವರ ಉದ್ದೇಶಪೂರ್ವಕ ವ್ಯಂಗ್ಯವೋ, ಅವರ ಕಣ್ಣಿಗೆ ಬೀಳದೆ ಹೋದದ್ದೋ ಎಂದು ಬಹಳ ಯೋಚಿಸಿದ್ದೇನೆ. ಉದ್ದೇಶವೇ ಇರಬೇಕು. ಉದ್ದೇಶವೆಂದು ತಿಳಿದ ಮೇಲೂ ಸಿಟ್ಟು ಇಳಿದಿಲ್ಲ.

ಕಥೆಯ ಗುಟ್ಟು ಬೇಡ ಎನ್ನುವವರು ಈ ಪ್ಯಾರಾವನ್ನೂ ಮುಂದಿನದನ್ನೂ ಬಿಟ್ಟುಬಿಡಿ. ಕೊಲೆಗಳು ಬೈಬಲ್ಲಿನ ಕೊನೆಯ ಭಾಗದಲ್ಲಿ ಬರುವ ಏಳು ಕಹಳೆಗಳ ಕ್ರಮದಲ್ಲಿ, ಆಲಿಕಲ್ಲು, ರಕ್ತ, ನೀರು ಎಂಬಂತೆ ನಡೆಯುತ್ತಿವೆ ಎಂದು ವಿಲಿಯಂ ಒಂದು ಸೂತ್ರ ಹಿಡಿಯುತ್ತಾನೆ. ಸತ್ಯದ ಬಾಗಿಲಿಗೆ ಅವನು ಬರುವುದು ಆ ಸೂತ್ರದಿಂದಲೇ, ಆದರೆ ಅಂಥ ಸೂತ್ರವನ್ನು ಯಾರೂ ಹೂಡಿರಲಿಲ್ಲ. ಸಾವುಗಳು ಹಾಗೆ ಸಾಲಾದದ್ದು ಬಹುಮಟ್ಟಿಗೆ ಆಕಸ್ಮಿಕ. ಅವನು ಬಂದದ್ದರಿಂದ ಒಂದು ಜೀವವೂ ಉಳಿಯುವುದಿಲ್ಲ. ಪುರುಷೋತ್ತಮನ ಓದುಗನಾಗಿ ನನಗೆ ಇದು ಮೋಸವೆನಿಸಿತು. ಲೆಕ್ಕ ತಪ್ಪಿದರೂ ಉತ್ತರ ಸರಿ ಬಂದಾಗ ಶಾಲೆಯಲ್ಲಿ ಮೇಷ್ಟರು ಅಂಕ ಕೊಡುತ್ತಿರಲಿಲ್ಲ. ಎಕೊ ಆ ತಪ್ಪು ಲೆಕ್ಕವನ್ನೇ ಕಾದಂಬರಿಯ ಹೃದಯ ಮಾಡಿದ್ದಾರೆ. ವಿಲಿಯಂ ಕೂಡ ತನ್ನ ಸೋಲನ್ನು ಒಪ್ಪಿಕೊಳ್ಳುವ ಆ ಪುಟಗಳು ಅಷ್ಟು ಚೆನ್ನಾಗಿವೆ ಎಂಬುದೇ ನನ್ನ ಸಂಕಟ.

ಇಷ್ಟು ಹೆಣಗಳು ಬಿದ್ದದ್ದು ಒಂದು ಪುಸ್ತಕಕ್ಕಾಗಿ: ನಗೆಯ ಬಗ್ಗೆ ಅರಿಸ್ಟಾಟಲ್ ಬರೆದನೆನ್ನಲಾದ, ಜಗತ್ತಿಗೆ ಕಳೆದುಹೋದ, ಕಾವ್ಯಮೀಮಾಂಸೆಯ ಎರಡನೆಯ ಭಾಗ. ಜನ ನಗಲು ಕಲಿತರೆ ಹೆದರುವುದನ್ನು ಬಿಡುತ್ತಾರೆ ಎಂದು ಯಾರೋ ಅದನ್ನು ಬಚ್ಚಿಟ್ಟಿದ್ದಾರೆ. ಆ ಅಧ್ಯಾಯ ಮುಗಿಸಿದ ಮರುದಿನ ಸಂಜೆ ನಾನು ಕೃಷ್ಣರಾಜ ಬುಲೆವಾರ್ಡ್‌ನಲ್ಲಿರುವ ಓರಿಯಂಟಲ್ ಸಂಶೋಧನಾಲಯದವರೆಗೆ ನಡೆದುಕೊಂಡು ಹೋದೆ. 1905ರಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ತಾಳೆಗರಿ ಕಟ್ಟಿನಲ್ಲಿ, ಹೆಸರು ಮಾತ್ರ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಇದೇ ಸಂಸ್ಥೆಯಲ್ಲಿ. 1909ರಲ್ಲಿ ಅದು ಅಚ್ಚಾಯಿತು. ನಮ್ಮೂರಿನ ಗ್ರಂಥಪಾಲಕರು ಸಿಕ್ಕಿದ್ದನ್ನು ಲೋಕಕ್ಕೆ ಕೊಟ್ಟರು, ಎಕೊ ಅವರ ಗ್ರಂಥಪಾಲಕರು ಇದ್ದದ್ದನ್ನು ಮುಚ್ಚಿಟ್ಟರು ಎಂದು ಗೇಟಿನ ಹೊರಗೆ ನಿಂತು ನನಗೆ ನಾನೇ ಹೆಮ್ಮೆಪಟ್ಟುಕೊಂಡೆ. ದಾರಿಯಲ್ಲಿ ಹಿಂದಿರುಗುವಾಗ, ಅದೇ ಕಾಲದಲ್ಲಿ ನಮ್ಮ ಎಷ್ಟು ಮನೆಗಳ ಅಟ್ಟದ ಮೇಲಿನ ಕಟ್ಟುಗಳು ಯಾರ ಕೈಗೂ ಹೋಗದೆ ಗೆದ್ದಲಿಗೆ ಹೋದವೋ ಎಂದು ನೆನೆದು ಹೆಮ್ಮೆ ಅರ್ಧವಾಯಿತು.

ಮುಗಿಸಿದ ಮೇಲೆ ಎಕೊ ಅವರು 1983ರಲ್ಲಿ ಈ ಕಾದಂಬರಿಗೆ ಬರೆದ ಅನುಬರಹವನ್ನು ಓದಿದೆ. ಚಿಕ್ಕದು, ಸರಸವಾಗಿದೆ, ಆದರೆ ಖಂಡಿತ ಕೊನೆಯಲ್ಲಿಯೇ ಓದಬೇಕು. 1978ರ ಮಾರ್ಚಿನಲ್ಲಿ ಬರೆಯಲು ಕೂತದ್ದಕ್ಕೆ ಅವರು ಕೊಡುವ ಕಾರಣ, ಒಬ್ಬ ಸನ್ಯಾಸಿಗೆ ವಿಷವಿಕ್ಕುವ ಆಸೆ ತನಗಿತ್ತು ಎಂಬುದು. ಮಠವನ್ನು ಬೆಟ್ಟದ ಮೇಲೆ ಕಟ್ಟಿದ್ದಕ್ಕೂ ಕಾರಣವಿದೆ: ರಕ್ತದ ಹರವಿ ಬೇಕಿತ್ತು, ಹಂದಿಗಳನ್ನು ಕಡಿಯುವುದು ಚಳಿಯಲ್ಲಿ, ಕಥೆಯ ಇತಿಹಾಸ ನವೆಂಬರನ್ನು ದಾಟಲು ಬಿಡುತ್ತಿರಲಿಲ್ಲ, ಅಷ್ಟು ಬೇಗ ಚಳಿ ಬೀಳುವುದು ಬೆಟ್ಟದಲ್ಲಿ ಮಾತ್ರ. ನನ್ನ ಐದು ವಾರ ತಿಂದ ಮೊದಲ ನೂರು ಪುಟಗಳನ್ನು ಕತ್ತರಿಸಲು ಗೆಳೆಯರೂ ಪ್ರಕಾಶಕರೂ ಸೂಚಿಸಿದ್ದರಂತೆ. ಅವರು ಒಪ್ಪಲಿಲ್ಲ; ಮಠದೊಳಗೆ ಏಳು ದಿನ ಇರಬೇಕೆನ್ನುವವರು ಮಠದ ನಡಿಗೆಗೆ ಹೊಂದಿಕೊಳ್ಳಲಿ, ಆಗದವರು ಬೆಟ್ಟದ ತಪ್ಪಲಲ್ಲೇ ಉಳಿಯಲಿ ಎಂಬುದು ಅವರ ನಿಲುವು. ಓದುಗರನ್ನು ಹೀಗೆ ಬಾಗಿಲಲ್ಲಿ ನಿಲ್ಲಿಸಿ ಪರೀಕ್ಷಿಸುವ ಲೇಖಕರಿಗೂ, ಪುಸ್ತಕ ಕೇಳಿದವರನ್ನು ವಿಚಾರಿಸುವ ಅವರ ಗ್ರಂಥಪಾಲಕನಿಗೂ ಎಷ್ಟು ದೂರ ಎಂದು ಕೇಳಬೇಕೆನಿಸಿತು. ಅವರು 2016ರಲ್ಲಿ ತೀರಿಕೊಂಡರು.

ನಮ್ಮ ಗುಂಪಿನ ಚರ್ಚೆ ಮುಂದಿನ ಭಾನುವಾರವಿದೆ. ಸಿನಿಮಾ ನೋಡಿದವರು ಅಧ್ಯಕ್ಷತೆ ವಹಿಸುತ್ತಾರೆ.

ಹಳೆಯ ಪ್ರತಿಯನ್ನು ಏನು ಮಾಡುವುದೆಂದು ತೋಚದೆ ಇಟ್ಟುಕೊಂಡಿದ್ದೆ. ಮೇಷ್ಟ್ರ ಮೊಮ್ಮಗಳು, ಎಂ.ಎ. ಓದುತ್ತಿರುವವಳು, ಕೇಳಿಕೊಂಡು ಬಂದಳು. ಹೊಸ ಪ್ರತಿಯಿಂದ ಆ 32 ಪುಟಗಳನ್ನು ಜೆರಾಕ್ಸ್ ಮಾಡಿಸಿ, ಅಳತೆಗೆ ಕತ್ತರಿಸಿ, ಇರಬೇಕಾದ ಜಾಗಕ್ಕೆ ಅಂಟಿಸಿದೆ. 18ನೇ ಪುಟದ ಅಂಚನ್ನು ರಬ್ಬರಿನಿಂದ ಉಜ್ಜಿದರೆ ಬಾಲ್‌ಪೆನ್ನಿನ ಶಾಯಿ ಹೋಗಲಿಲ್ಲ, ಕಾಗದ ಹರಿಯತೊಡಗಿತು. ಹಾಗಾಗಿ ಅದರ ಮೇಲೊಂದು ಬಿಳಿಯ ಚೀಟಿ ಅಂಟಿಸಿ, ‘ಬೆಳಕಿಗೆ ಹಿಡಿಯಬೇಡ’ ಎಂದು ಬರೆದು ಕೊಟ್ಟಿದ್ದೇನೆ.